ಮೂರು ಮಳಿಗೆ, ಒಂದು ಹೆಸರು: ಕಾರ್ಟಿಯರ್ ಮನೆತನದ ಆಭರಣೋದ್ಯಮದ ಇತಿಹಾಸ

ವ್ಯಾಪಾರವನ್ನು ಕಟ್ಟುವುದು ಒಂದು ತಲೆಮಾರಿನ ಕೆಲಸವಾದರೆ ಅದನ್ನು ಬೆಳೆಸುವುದು ಇನ್ನೊಂದು ತಲೆಮಾರಿನ ಕೆಲಸ. ಬೆಳೆದುದನ್ನು ಒಡೆಯದಂತೆ ಮುಂದಿನವರ ಕೈಗೆ ಒಪ್ಪಿಸುವುದು ಇವೆರಡಕ್ಕಿಂತಲೂ ಕಠಿಣವಾದುದು. ಚಿನ್ನ, ಬೆಳ್ಳಿ, ನವರತ್ನಗಳ ವ್ಯಾಪಾರದಲ್ಲಂತೂ ಈ ಸತ್ಯವು ಎದ್ದು ಕಾಣುತ್ತದೆ. ಏಕೆಂದರೆ ಈ ವ್ಯಾಪಾರದ ನಿಜವಾದ ಬಂಡವಾಳವು ತಿಜೋರಿಯಲ್ಲಿ ಇರುವುದಿಲ್ಲ. ಕೊಳ್ಳುವವನು ಮಾರುವವನ ಮಾತಿನ ಮೇಲೆ ಇರಿಸುವ ನಂಬಿಕೆಯಲ್ಲಿ ಇರುತ್ತದೆ. ಹರಳಿನ ನೀರು, ತೂಕ, ದೋಷಗಳನ್ನು ತಮ್ಮ ಕಣ್ಣಿನಿಂದಲೇ ಅರಿಯಬಲ್ಲ ಗಿರಾಕಿಗಳು ಬಹಳ ವಿರಳ. ಉಳಿದವರು ನಂಬುವುದು ಅಂಗಡಿಯ ಹೆಸರನ್ನು. ಅಂತಹ ಒಂದು ಹೆಸರು ಹೇಗೆ ಹುಟ್ಟಿ, ಹೇಗೆ ದೇಶದೇಶಗಳಿಗೆ ಹರಡಿ, ಕೊನೆಗೆ ಹೇಗೆ ಮನೆತನದ ಕೈಬಿಟ್ಟು ಹೋಯಿತೆಂಬುದಕ್ಕೆ ಪ್ಯಾರಿಸ್ ನಗರದ ಕಾರ್ಟಿಯರ್ ಮನೆತನದ ಇತಿಹಾಸವು ಒಳ್ಳೆಯ ನಿದರ್ಶನವಾಗಿದೆ. ಈ ಇತಿಹಾಸದಲ್ಲಿ ಭಾರತಕ್ಕೂ ದೊಡ್ಡ ಸ್ಥಾನವಿದೆ.

ಗುರುವಿನ ಅಕ್ಕಸಾಲೆ

ಈ ಮನೆತನದ ವ್ಯಾಪಾರಕ್ಕೆ ಮೂಲಪುರುಷನಾದ ಲೂಯಿ-ಫ್ರಾನ್ಸ್ವಾ ಕಾರ್ಟಿಯರ್ 1819ರಲ್ಲಿ ಜನಿಸಿದನು. ಅವನ ತಂದೆ ಲೋಹದ ಕೆಲಸ ಮಾಡಿ ಜೀವಿಸುತ್ತಿದ್ದವನು. ಹೇಳಿಕೊಳ್ಳುವಂತಹ ಆಸ್ತಿಯಾಗಲಿ, ವಂಶದ ಹಿರಿಮೆಯಾಗಲಿ ಇರಲಿಲ್ಲ. ಲೂಯಿ-ಫ್ರಾನ್ಸ್ವಾ ಅಡಾಲ್ಫ್ ಪಿಕಾರ್ ಎಂಬ ಆಭರಣಕಾರನಲ್ಲಿ ಕೆಲಸ ಕಲಿತು, 1847ರಲ್ಲಿ ಗುರುವಿನ ಅಕ್ಕಸಾಲೆಯನ್ನೇ ತಾನು ವಹಿಸಿಕೊಂಡನು. ಅದು ಪ್ಯಾರಿಸಿನ ಮೊಂತೋರ್ಗೆಯ್ ಬೀದಿಯಲ್ಲಿದ್ದಿತು. ಆಗ ಅವನ ವಯಸ್ಸು ಇಪ್ಪತ್ತೆಂಟು.

ಆರಂಭದ ಕಾಲವು ಅನುಕೂಲಕರವಾಗಿರಲಿಲ್ಲ. ಮರುವರ್ಷವೇ, ಅಂದರೆ 1848ರಲ್ಲಿ, ಪ್ಯಾರಿಸಿನಲ್ಲಿ ಕ್ರಾಂತಿಯೆದ್ದು ದೊರೆ ಲೂಯಿ ಫಿಲಿಪ್ ಸಿಂಹಾಸನವನ್ನು ತೊರೆಯಬೇಕಾಯಿತು. ಬೀದಿಯಲ್ಲಿ ಗುಂಡು ಹಾರುತ್ತಿರುವಾಗ ಒಡವೆಯನ್ನು ಕೊಳ್ಳುವವರು ಯಾರು? ಆದರೂ ಲೂಯಿ-ಫ್ರಾನ್ಸ್ವಾ ಧೃತಿಗೆಡಲಿಲ್ಲ. ನೆಪೋಲಿಯನ್ ವಂಶವು ಮತ್ತೆ ಪಟ್ಟಕ್ಕೆ ಬಂದು ಅರಮನೆಯ ಔತಣಗಳು ಆರಂಭವಾದ ಮೇಲೆ, ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಹತ್ತಿರದ ಬಂಧು ರಾಜಕುಮಾರಿ ಮಾತಿಲ್ದ್ ಈ ಅಂಗಡಿಯ ಗಿರಾಕಿಯಾದಳು. ಆಕೆಯ ಹಿಂದೆಯೇ ಚಕ್ರವರ್ತಿನಿ ಯುಜೇನಿಯ ಕೃಪೆಯೂ ದೊರೆಯಿತು. 1859ರಲ್ಲಿ ಅಂಗಡಿಯು ಶ್ರೀಮಂತರು ಓಡಾಡುವ ಇಟಾಲಿಯನ್ನರ ಹೆದ್ದಾರಿಗೆ ಸ್ಥಳಾಂತರಗೊಂಡಿತು.

1870ರಲ್ಲಿ ಪ್ರಷ್ಯದೊಡನೆ ಯುದ್ಧವಾಗಿ ಪ್ಯಾರಿಸ್ ನಗರವು ಮುತ್ತಿಗೆಗೆ ಒಳಗಾಯಿತು. ಹಣಕ್ಕೆ ಕಷ್ಟಪಟ್ಟವರು ತಮ್ಮ ಒಡವೆಗಳನ್ನು ಮಾರತೊಡಗಿದಾಗ, ಲೂಯಿ-ಫ್ರಾನ್ಸ್ವಾನ ಮಗ ಆಲ್ಫ್ರೆಡ್ ಅವನ್ನು ಕೊಂಡು ಲಂಡನ್ನಿನಲ್ಲಿ ಮಾರಿ ಅಂಗಡಿಯನ್ನು ಉಳಿಸಿದನು. ವ್ಯಾಪಾರವು ಒಂದೇ ಊರನ್ನು ನಂಬಿ ಕುಳಿತಿರಬಾರದೆಂಬ ಪಾಠವನ್ನು ಈ ಮನೆತನ ಕಲಿತುದು ಆ ಕಷ್ಟಕಾಲದಲ್ಲಿಯೇ. 1874ರಲ್ಲಿ ತಂದೆಯು ಮಗನಿಗೆ ಆಡಳಿತವನ್ನು ಒಪ್ಪಿಸಿಕೊಟ್ಟನು.

ಬಿಳಿಯ ಲೋಹದ ಬಲ

ಆಲ್ಫ್ರೆಡ್‌ಗೆ ಮೂವರು ಗಂಡುಮಕ್ಕಳು. ಹಿರಿಯವನಾದ ಲೂಯಿ ಹುಟ್ಟಿದುದು 1875ರಲ್ಲಿ, ನಡುವಣವನಾದ ಪಿಯೇರ್ 1878ರಲ್ಲಿ, ಕಿರಿಯವನಾದ ಜಾಕ್ 1884ರಲ್ಲಿ. 1898ರಲ್ಲಿ ಲೂಯಿ ತಂದೆಯೊಡನೆ ಪಾಲುದಾರನಾಗಿ ಸೇರಿದನು. ಅದೇ ವರ್ಷ ಅವನ ವಿವಾಹವು ಪ್ಯಾರಿಸಿನ ಪ್ರಖ್ಯಾತ ಉಡುಪು ತಯಾರಕರಾದ ವರ್ತ್ ಮನೆತನದ ಕನ್ಯೆಯೊಡನೆ ನಡೆಯಿತು. ವರ್ತ್ ಮನೆಯಲ್ಲಿ ರೇಷ್ಮೆಯ ಉಡುಪನ್ನು ಹೊಲಿಸಲು ಬರುವ ರಾಣಿಯರಿಗೆ ಅದಕ್ಕೆ ಒಪ್ಪುವ ಒಡವೆಯೂ ಬೇಕಾಗುತ್ತಿದ್ದಿತು. 1899ರಲ್ಲಿ ಕಾರ್ಟಿಯರ್ ಅಂಗಡಿಯು ವರ್ತ್ ಮಳಿಗೆಯಿದ್ದ ದ ಲಾ ಪೇ ಬೀದಿಗೇ, 13ನೆಯ ಸಂಖ್ಯೆಯ ಕಟ್ಟಡಕ್ಕೆ ಬಂದಿತು. ಲೂಯಿಯ ಆ ದಾಂಪತ್ಯ ಮಾತ್ರ ಬಹುಕಾಲ ಉಳಿಯಲಿಲ್ಲ. ವ್ಯಾಪಾರಕ್ಕೆ ಒದಗಿದ ಸಂಬಂಧವು ಸಂಸಾರಕ್ಕೂ ಒದಗುವುದೆಂಬ ಭರವಸೆಯಿಲ್ಲವೆಂಬುದಕ್ಕೆ ಇದೂ ಒಂದು ದೃಷ್ಟಾಂತ.

ಅದುವರೆಗೆ ಕಾರ್ಟಿಯರ್ ಅಂಗಡಿಯು ಬಹುಮಟ್ಟಿಗೆ ಇತರರು ತಯಾರಿಸಿದ ಮಾಲನ್ನು ಮಾರುವ ಅಂಗಡಿಯಾಗಿದ್ದಿತು. ತಮ್ಮದೇ ಮಾದರಿ, ತಮ್ಮದೇ ಕೈಗುರುತು ಇರಬೇಕೆಂದು ಹಟ ಹಿಡಿದವನು ಲೂಯಿ. ಅವನಿಗೆ ನೆರವಾದುದು ಪ್ಲಾಟಿನಂ ಲೋಹ. ಆ ಕಾಲದಲ್ಲಿ ವಜ್ರವನ್ನು ಬೆಳ್ಳಿಯಲ್ಲಿ ಕೂರಿಸುವುದು ವಾಡಿಕೆ. ಚಿನ್ನದಲ್ಲಿ ಕೂರಿಸಿದರೆ ಹಳದಿಯ ಛಾಯೆಯು ಹರಳಿನೊಳಗೆ ಇಳಿದು ವಜ್ರದ ಬಿಳುಪು ಕುಗ್ಗುತ್ತದೆ. ಬೆಳ್ಳಿಯಾದರೋ ಮೆತುವಾದ ಲೋಹ. ಹರಳು ಬೀಳದಂತೆ ಹಿಡಿಯಬೇಕಾದರೆ ಲೋಹವನ್ನು ದಪ್ಪವಾಗಿ ಇಡಬೇಕು. ಕಾಲಕ್ರಮದಲ್ಲಿ ಅದು ಕಪ್ಪಾಗುವುದೂ ಉಂಟು. ಪ್ಲಾಟಿನಂ ಬಿಳಿಯದು, ಕಪ್ಪಾಗದು, ಎಳೆಯಷ್ಟು ತೆಳ್ಳಗೆ ಎಳೆದರೂ ಹರಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಆದರೆ ಅದನ್ನು ಕರಗಿಸುವುದು ಸುಲಭವಲ್ಲ. ಚಿನ್ನವು 1,064 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗಿದರೆ ಪ್ಲಾಟಿನಂ ಕರಗಲು ಸುಮಾರು 1,768 ಡಿಗ್ರಿ ಬೇಕು. ಆ ಲೋಹವನ್ನು ಒಡವೆಯ ಕೆಲಸಕ್ಕೆ ಒಗ್ಗಿಸಿಕೊಂಡ ಮೇಲೆ ಕಾರ್ಟಿಯರ್ ಮನೆಯ ಒಡವೆಗಳು ಜರತಾರಿಯ ಜಾಲರಿಯಂತೆ ಹಗುರವಾದವು. ಹೂಮಾಲೆ, ಬಿಲ್ಲುಗಂಟು, ಎಲೆಬಳ್ಳಿಗಳ ಆ ಮಾದರಿಯು ‘ಹಾರದ ಶೈಲಿ’ ಎಂದು ಹೆಸರಾಯಿತು.

ಕೈಗಡಿಯಾರವೂ ಈ ಕಾಲದಲ್ಲಿಯೇ ಬಂದಿತು. ವಿಮಾನ ಹಾರಿಸುತ್ತಿದ್ದ ಬ್ರೆಜಿಲ್ ದೇಶದ ಸಾಂತೋಸ್-ದುಮೊ, ಹಾರುವಾಗ ಜೇಬಿನಿಂದ ಗಡಿಯಾರವನ್ನು ತೆಗೆದು ನೋಡುವುದು ಕಷ್ಟವೆಂದು ಹೇಳಿದುದರಿಂದ ಲೂಯಿ 1904ರಲ್ಲಿ ಅವನಿಗಾಗಿ ಮುಂಗೈಗೆ ಕಟ್ಟುವ ಗಡಿಯಾರವನ್ನು ಮಾಡಿಸಿಕೊಟ್ಟನು. ಗಿರಾಕಿಯ ತೊಂದರೆಯನ್ನು ಕಿವಿಗೊಟ್ಟು ಕೇಳಿದುದರಿಂದ ಒಂದು ಹೊಸ ವ್ಯಾಪಾರವೇ ಹುಟ್ಟಿತು.

ಮೂವರಿಗೆ ಮೂರು ಪಟ್ಟಣ

ಮೂವರು ಸೋದರರೂ ಒಂದೇ ಗಲ್ಲಾಪೆಟ್ಟಿಗೆಯ ಸುತ್ತ ಕುಳಿತಿದ್ದರೆ ಪ್ಯಾರಿಸಿನ ಹತ್ತಾರು ಅಂಗಡಿಗಳಲ್ಲಿ ಅದೂ ಒಂದಾಗಿ ಉಳಿಯುತ್ತಿದ್ದಿತು. ಹಾಗಾಗಲಿಲ್ಲ. 1902ರಲ್ಲಿ, ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ವರ್ಷ, ಲಂಡನ್ನಿನಲ್ಲಿ ಶಾಖೆಯನ್ನು ತೆರೆಯಲಾಯಿತು. 1904ರಲ್ಲಿ ಆ ದೊರೆಯ ಅರಮನೆಯಿಂದ ಅಧಿಕೃತ ಆಭರಣಕಾರರೆಂಬ ಸನ್ನದು ದೊರಕಿತು. ಲಂಡನ್ ಶಾಖೆಯನ್ನು ಮೊದಲು ನೋಡಿಕೊಂಡವನು ಪಿಯೇರ್. 1906ರಲ್ಲಿ ಅದು ಕಿರಿಯ ಜಾಕ್‌ನ ವಶಕ್ಕೆ ಬಂದಿತು. 1909ರಲ್ಲಿ ಪಿಯೇರ್ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಯಾರ್ಕಿನಲ್ಲಿ ಮೂರನೆಯ ಮಳಿಗೆಯನ್ನು ಸ್ಥಾಪಿಸಿದನು.

ಹಂಚಿಕೆಯು ಊರುಗಳ ಹಂಚಿಕೆಯಷ್ಟೇ ಆಗಿರಲಿಲ್ಲ; ಅದು ಗುಣಗಳ ಹಂಚಿಕೆಯೂ ಆಗಿದ್ದಿತು. ಹೊಸ ಮಾದರಿಗಳನ್ನು ಕಲ್ಪಿಸುವುದರಲ್ಲಿ ಲೂಯಿ ನಿಪುಣ. ಗಿರಾಕಿಯ ಮನಸ್ಸನ್ನರಿತು ಮಾತನಾಡುವುದರಲ್ಲಿ ಪಿಯೇರ್ ಸಮರ್ಥ. ಹರಳುಗಳನ್ನು ಪರೀಕ್ಷಿಸುವ ಕಣ್ಣು ಜಾಕ್‌ನದು. ಒಂದು ಊರಿನಲ್ಲಿ ಮಾರಾಟವಾಗದ ಹರಳು ಇನ್ನೊಂದು ಊರಿಗೆ ಹೋಗುತ್ತಿದ್ದಿತು. ಸಾಗರದಾಚೆಯ ಸುದ್ದಿಯು ಪತ್ರಗಳ ಮೂಲಕ ತಲುಪುತ್ತಿದ್ದಿತು. ಮಾಡಿದ ಒಡವೆಗಳ ಚಿತ್ರವನ್ನು ಬರೆದಿಡುವುದು, ಗಾರೆಯಚ್ಚು ತೆಗೆಯುವುದು, ಛಾಯಾಚಿತ್ರ ಹಿಡಿದು ಪುಸ್ತಕದಲ್ಲಿ ದಾಖಲಿಸುವುದು ಅಂಗಡಿಯ ಪದ್ಧತಿಯಾಯಿತು. ನೂರು ವರ್ಷಗಳ ಹಿಂದಿನ ಒಡವೆಯು ಇಂದು ಎದುರಿಗೆ ಬಂದರೂ ಅದರ ಜಾತಕವನ್ನು ಹೇಳಲು ಸಾಧ್ಯವಾಗಿರುವುದು ಈ ಶಿಸ್ತಿನ ಲೆಕ್ಕಪತ್ರಗಳಿಂದಲೇ.

ಮೂಲಪುರುಷ ಲೂಯಿ-ಫ್ರಾನ್ಸ್ವಾ 1904ರಲ್ಲಿ ಗತಿಸಿದನು. ಆಲ್ಫ್ರೆಡ್ 1925ರವರೆಗೆ ಬದುಕಿದ್ದು ಮಕ್ಕಳ ಏಳಿಗೆಯನ್ನು ಕಣ್ಣಾರೆ ಕಂಡನು.

ಭಾರತದ ನಂಟು

1911ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಐದನೆಯ ಜಾರ್ಜ್ ದೊರೆಯ ದರ್ಬಾರು ನಡೆಯಿತು. ದೇಶದ ರಾಜಮಹಾರಾಜರೆಲ್ಲ ಸೇರುವ ಆ ಸಂದರ್ಭಕ್ಕೆ ಜಾಕ್ ಕಾರ್ಟಿಯರ್ ಭಾರತಕ್ಕೆ ಬಂದನು. ಪಶ್ಚಿಮ ದೇಶಗಳಲ್ಲಿ ದೊಡ್ಡ ಒಡವೆಗಳು ಹೆಂಗಸರ ಸೊತ್ತಾದರೆ, ಇಲ್ಲಿ ಮಹಾರಾಜರೇ ತಲೆಯಿಂದ ಮುಂಗೈವರೆಗೆ ರತ್ನಗಳನ್ನು ಧರಿಸುತ್ತಿದ್ದರು. ತಲೆಮಾರುಗಳಿಂದ ಭಂಡಾರದಲ್ಲಿದ್ದ ಹರಳುಗಳನ್ನು ಪ್ಲಾಟಿನಂನಲ್ಲಿ ಹೊಸದಾಗಿ ಕಟ್ಟಿಸಿಕೊಳ್ಳಬೇಕೆಂಬ ಆಸೆಯೂ ಅವರಲ್ಲಿ ಹುಟ್ಟಿತು. ಮರುವರ್ಷ ಜಾಕ್ ಪರ್ಷಿಯದ ಕೊಲ್ಲಿಗೂ ಹೋಗಿ ಬಹರೈನಿನ ಮುತ್ತಿನ ವ್ಯಾಪಾರವನ್ನು ನೋಡಿ ಬಂದನು. ಆ ಕೊಲ್ಲಿಯ ಮುತ್ತುಗಳಿಗೆ ಆಗ ಮುಂಬಯಿಯೇ ದೊಡ್ಡ ಪೇಟೆ.

ಜಾಕ್ ಭಾರತದಿಂದ ಒಯ್ದುದು ಹರಳುಗಳನ್ನಷ್ಟೇ ಅಲ್ಲ, ಕಲೆಯನ್ನೂ ಒಯ್ದನು. ಎಲೆ, ಹೂವು, ಹಣ್ಣುಗಳ ಆಕಾರದಲ್ಲಿ ಕೆತ್ತಿದ ಪಚ್ಚೆ, ಕೆಂಪು, ನೀಲಗಳನ್ನು ಒಟ್ಟಿಗೆ ಜೋಡಿಸಿ ಮಾಡಿದ ಒಡವೆಗಳು ಪ್ಯಾರಿಸಿನವರಿಗೆ ಹೊಸ ನೋಟವಾದವು. ಹಸಿರು, ಕೆಂಪು, ನೀಲಿಗಳನ್ನು ಒಂದೇ ಒಡವೆಯಲ್ಲಿ ಕೂರಿಸುವುದು ಭಾರತದ ಅಕ್ಕಸಾಲಿಗರಿಗೆ ಹಳೆಯ ವಿದ್ಯೆ. ಅದೇ ಅಲ್ಲಿ ದೊಡ್ಡ ಸಂಶೋಧನೆಯೆನಿಸಿತು. ಈ ಬಗೆಯ ಒಡವೆಗಳಿಗೆ ಬಹುಕಾಲದ ನಂತರ ‘ಟೂಟಿ ಫ್ರೂಟಿ’ ಎಂಬ ಹೆಸರು ಬಿದ್ದಿತು.

ಭಾರತದಿಂದ ಬಂದ ಕೆಲಸಗಳಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ಕಂಠಹಾರವು ಅತ್ಯಂತ ಪ್ರಸಿದ್ಧವಾದುದು. ಮಹಾರಾಜರು 1925ರಲ್ಲಿ ತಮ್ಮ ಭಂಡಾರದ ರತ್ನಗಳನ್ನು ಪ್ಯಾರಿಸಿಗೆ ಒಪ್ಪಿಸಿದರು. ಹಾರವು 1928ರಲ್ಲಿ ಪೂರ್ಣಗೊಂಡಿತು. ಅದರಲ್ಲಿ ಪ್ಲಾಟಿನಂನ ಐದು ಸಾಲುಗಳಿದ್ದು, ಒಟ್ಟು 2,930 ವಜ್ರಗಳಿದ್ದವು. ನಡುವಿನ ಹಳದಿ ಛಾಯೆಯ ಡಿ ಬೀರ್ಸ್ ವಜ್ರವೊಂದೇ 234 ಕ್ಯಾರೆಟ್‌ಗಳಿಗೂ ಮಿಗಿಲಾದ ತೂಕದ್ದು. ಕ್ರಿಕೆಟ್ ಆಟದಲ್ಲಿ ಹೆಸರಾದ ನವಾನಗರದ ರಣಜಿತ್‌ಸಿಂಹರಿಗಾಗಿ ಜಾಕ್ 1931ರಲ್ಲಿ ಬಣ್ಣದ ವಜ್ರಗಳ ಹಾರವೊಂದನ್ನು ಸಿದ್ಧಪಡಿಸಿದನು. ಅದರ ನಡುವಿನ ವಜ್ರವು 136 ಕ್ಯಾರೆಟ್‌ಗಳಿಗೂ ಹೆಚ್ಚಿನದು.

ನ್ಯೂಯಾರ್ಕಿನ ವ್ಯಾಪಾರದಲ್ಲಿಯೂ ಭಾರತದ ನೆಲದ ಹರಳೊಂದು ಹೆಸರು ತಂದಿತು. 1911ರಲ್ಲಿ ಪಿಯೇರ್ ಅಮೆರಿಕದ ಶ್ರೀಮಂತ ದಂಪತಿಗಳಿಗೆ ಮಾರಿದ ‘ಹೋಪ್’ ಎಂಬ ನೀಲಿ ವಜ್ರದ ಮೂಲ ಕೃಷ್ಣಾ ನದಿಯ ದಡದ ಕೊಲ್ಲೂರು ಗಣಿಯೆಂದು ನಂಬಲಾಗಿದೆ. ಈ ಕೊಲ್ಲೂರು ಮೂಕಾಂಬಿಕೆಯ ಕ್ಷೇತ್ರವಲ್ಲ. ಗೋಲ್ಕೊಂಡದ ಆಳ್ವಿಕೆಗೆ ಸೇರಿದ್ದ, ಈಗಿನ ಆಂಧ್ರಪ್ರದೇಶದ ಊರು. ಹದಿನೇಳನೆಯ ಶತಮಾನದಲ್ಲಿ ಟ್ಯಾವೆರ್ನಿಯೇ ಎಂಬ ಫ್ರೆಂಚ್ ವರ್ತಕನು ಆ ವಜ್ರವನ್ನು ಒಯ್ದು ತನ್ನ ದೊರೆ ಹದಿನಾಲ್ಕನೆಯ ಲೂಯಿಗೆ ಮಾರಿದ್ದನು.

ಮುತ್ತಿನ ಹಾರ ಮತ್ತು ಮಹಡಿ ಮನೆ

ಪಿಯೇರನ ವ್ಯಾಪಾರಜಾಣ್ಮೆಗೆ 1917ರ ಒಂದು ವಿನಿಮಯವು ಇಂದಿಗೂ ನಿದರ್ಶನವಾಗಿದೆ. ನ್ಯೂಯಾರ್ಕಿನ ಐದನೆಯ ಅವೆನ್ಯೂದಲ್ಲಿ ಮಾರ್ಟನ್ ಪ್ಲಾಂಟ್ ಎಂಬ ಶ್ರೀಮಂತನ ದೊಡ್ಡ ಮಹಡಿ ಮನೆಯಿದ್ದಿತು. ಅವನ ಪತ್ನಿಯು ಕಾರ್ಟಿಯರ್ ಅಂಗಡಿಯಲ್ಲಿದ್ದ ಎರಡು ಎಳೆಯ ಮುತ್ತಿನ ಹಾರವನ್ನು ಬಹಳವಾಗಿ ಮೆಚ್ಚಿದಳು. ಅದರ ಬೆಲೆ ಹತ್ತು ಲಕ್ಷ ಡಾಲರ್. ಆ ಹಾರವನ್ನೂ ಮೇಲೆ ನೂರು ಡಾಲರನ್ನೂ ಕೊಟ್ಟು ಪಿಯೇರ್ ಆ ಮನೆಯನ್ನೇ ಪಡೆದುಕೊಂಡನು. ಕಾರ್ಟಿಯರ್ ಮಳಿಗೆಯು ಇಂದಿಗೂ ಆ ಕಟ್ಟಡದಲ್ಲಿಯೇ ಇದೆ.

ಆಗ ಆ ವ್ಯವಹಾರದಲ್ಲಿ ಯಾರಿಗೂ ಮೋಸವಾಗಿರಲಿಲ್ಲ. ಕಡಲಿನಲ್ಲಿ ಮುಳುಗಿ ತೆಗೆದ ಸಹಜ ಮುತ್ತು ಆ ದಿನಗಳಲ್ಲಿ ವಜ್ರಕ್ಕಿಂತಲೂ ದುಬಾರಿಯಾಗಿದ್ದಿತು. ಆದರೆ ಜಪಾನಿನ ಮಿಕಿಮೊಟೊ ಚಿಪ್ಪಿನಲ್ಲಿ ಬೀಜವಿರಿಸಿ ಬೆಳೆಸಿದ ಮುತ್ತು ಯೂರೋಪಿನ ಪೇಟೆಗೆ ಬಂದು, ಅದರ ಹಿಂದೆಯೇ 1929ರ ಆರ್ಥಿಕ ಮುಗ್ಗಟ್ಟೂ ತಲೆದೋರಿದ ಮೇಲೆ ಸಹಜ ಮುತ್ತಿನ ಬೆಲೆ ಕುಸಿಯಿತು. 1957ರಲ್ಲಿ ಅದೇ ಹಾರವು ಹರಾಜಿನಲ್ಲಿ ತಂದುದು ಒಂದೂವರೆ ಲಕ್ಷ ಡಾಲರಿನ ಆಸುಪಾಸಿನ ಮೊತ್ತವನ್ನು ಮಾತ್ರ. ಯಾವ ಸರಕಿನ ಬೆಲೆಯೂ ಶಾಶ್ವತವಲ್ಲವೆಂಬುದನ್ನು ರತ್ನವ್ಯಾಪಾರಿಗಳು ಮರೆಯಬಾರದು.

ಕಷ್ಟದ ದಿನಗಳು

ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಕಾರ್ಟಿಯರ್ ಮನೆಯು ಬೆಳ್ಳಿಯ ಸಣ್ಣ ಸಾಮಾನು, ಪೆಟ್ಟಿಗೆ, ಲೇಖನ ಸಾಮಗ್ರಿಗಳಂತಹ ಕಡಿಮೆ ಬೆಲೆಯ ವಸ್ತುಗಳನ್ನು ಮಾರುವುದಕ್ಕೂ ಹಿಂಜರಿಯಲಿಲ್ಲ. 1933ರಲ್ಲಿ ಲೂಯಿಯು ಪ್ಯಾರಿಸಿನ ಉತ್ತಮ ಆಭರಣಗಳ ಹೊಣೆಯನ್ನು ಜಾನ್ ತೂಸಾನ್ ಎಂಬ ಮಹಿಳೆಗೆ ವಹಿಸಿದನು. ಆಕೆ ಮನೆತನದವಳಲ್ಲ, ಅಕ್ಕಸಾಲಿಗಳೂ ಅಲ್ಲ. ಆದರೆ ಆಕೆಯ ಅಭಿರುಚಿಯ ಮೇಲೆ ಲೂಯಿಗೆ ಪೂರ್ಣ ವಿಶ್ವಾಸವಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಿಸ್ ಜರ್ಮನರ ವಶವಾಗಿದ್ದಾಗ, 1942ರಲ್ಲಿ, ಆಕೆಯ ಕೈಕೆಳಗೆ ಪಂಜರದಲ್ಲಿ ಸೆರೆಯಾದ ಹಕ್ಕಿಯ ಪದಕವು ತಯಾರಾಯಿತು. 1944ರಲ್ಲಿ ನಗರವು ಬಿಡುಗಡೆಯಾದಾಗ ಪಂಜರದ ಬಾಗಿಲು ತೆರೆದು ಹಾಡುವ ಹಕ್ಕಿಯ ಪದಕವು ಹೊರಬಂದಿತು. ಬಾಯಿ ಬಿಟ್ಟು ಹೇಳಲಾಗದುದನ್ನು ಒಡವೆಯು ಹೇಳಿತು.

ಆದರೆ ಯುದ್ಧದ ನಡುವೆಯೇ ಮನೆತನಕ್ಕೆ ದೊಡ್ಡ ಪೆಟ್ಟು ಬಿದ್ದಿತು. 1941ರಲ್ಲಿ ಕಿರಿಯವನಾದ ಜಾಕ್ ತೀರಿಕೊಂಡನು. ಒಂದು ವರ್ಷ ತುಂಬುವುದರೊಳಗೆ, 1942ರಲ್ಲಿ, ಹಿರಿಯವನಾದ ಲೂಯಿಯೂ ಕಣ್ಮುಚ್ಚಿದನು. ನಡುವಣ ಪಿಯೇರ್ ಒಬ್ಬನೇ ಉಳಿದನು. ಅವನಿಗೂ ಆಗ ಅರವತ್ತು ದಾಟಿದ್ದಿತು. ಯುದ್ಧ ಮುಗಿದ ಮೇಲೆ ಅವನೂ ವ್ಯಾಪಾರದಿಂದ ನಿವೃತ್ತನಾಗಿ ಸ್ವಿಟ್ಜರ್ಲೆಂಡಿಗೆ ತೆರಳಿದನು.

ಪಾಲಾದ ಹೆಸರು

ನಾಲ್ಕನೆಯ ತಲೆಮಾರಿನಲ್ಲಿ ನ್ಯೂಯಾರ್ಕ್ ಮಳಿಗೆಯು ಲೂಯಿಯ ಮಗ ಕ್ಲಾಡ್‌ನ ಕೈಗೂ, ಪ್ಯಾರಿಸ್ ಮಳಿಗೆಯು ಪಿಯೇರನ ಮಗಳು ಮರಿಯನ್‌ಳ ಕೈಗೂ, ಲಂಡನ್ ಮಳಿಗೆಯು ಜಾಕ್‌ನ ಮಗ ಜಾನ್-ಜಾಕ್‌ನ ಕೈಗೂ ಬಂದಿತು. ಇವರಲ್ಲಿ ಯಾರೂ ಅಯೋಗ್ಯರಾಗಿರಲಿಲ್ಲ. ಜಾನ್-ಜಾಕ್‌ನ ಕಾಲದಲ್ಲಿಯೇ ಲಂಡನ್ ಶಾಖೆಯು 1953ರಲ್ಲಿ ಎಲಿಜಬೆತ್ ರಾಣಿಗಾಗಿ ವಿಲಿಯಂಸನ್ ಎಂಬ ಗುಲಾಬಿ ವಜ್ರದ ಹೂಪದಕವನ್ನು ನಿರ್ಮಿಸಿ ಹೆಸರು ಗಳಿಸಿತು. ಆದರೆ ತಂದೆಯರ ಕಾಲದಲ್ಲಿ ಮೂರು ಊರುಗಳನ್ನು ಒಂದಾಗಿ ಹಿಡಿದಿದ್ದುದು ಸೋದರರ ನಡುವಣ ಪತ್ರವ್ಯವಹಾರ ಮತ್ತು ವಿಶ್ವಾಸ. ಒಂದೇ ಮನೆಯಲ್ಲಿ ಬೆಳೆದ ಸೋದರರಿಗೆ ಇದ್ದ ಆ ಒಡನಾಟವು ಬೇರೆ ಬೇರೆ ದೇಶಗಳಲ್ಲಿ ಬೆಳೆದ ಅವರ ಮಕ್ಕಳಲ್ಲಿ ಉಳಿಯಲಿಲ್ಲ.

ಕಾಲವೂ ಬದಲಾಗಿದ್ದಿತು. ಯೂರೋಪಿನಲ್ಲಿ ತೆರಿಗೆಗಳು ಏರಿದ್ದವು. ಸ್ವಾತಂತ್ರ್ಯಾನಂತರ ಭಾರತದ ಸಂಸ್ಥಾನಗಳು ಒಕ್ಕೂಟದಲ್ಲಿ ವಿಲೀನಗೊಂಡವು; 1971ರಲ್ಲಿ ರಾಜಧನವೂ ರದ್ದಾಯಿತು. ಪಟಿಯಾಲದ ಹಾರವು 1948ರ ಸುಮಾರಿಗೆ ಭಂಡಾರದಿಂದ ಕಾಣೆಯಾಯಿತು. ಅದರ ದೊಡ್ಡ ವಜ್ರವು 1982ರಲ್ಲಿ ಜಿನೀವಾದ ಹರಾಜಿನಲ್ಲಿ ಕಾಣಿಸಿಕೊಂಡರೆ, ದೊಡ್ಡ ಹರಳುಗಳನ್ನೆಲ್ಲ ಕಳೆದುಕೊಂಡ ಪ್ಲಾಟಿನಂ ಚೌಕಟ್ಟು 1998ರಲ್ಲಿ ಲಂಡನ್ನಿನಲ್ಲಿ ದೊರೆಯಿತು. ಹಳೆಯ ದಾಖಲೆಗಳ ಆಧಾರದಿಂದ, ಕಳೆದುಹೋದ ದೊಡ್ಡ ಹರಳುಗಳ ಜಾಗದಲ್ಲಿ ಬದಲಿ ಹರಳುಗಳನ್ನಿಟ್ಟು ಅದನ್ನು ಮತ್ತೆ ಜೋಡಿಸಲಾಯಿತು.

ಮೊದಲು ಕೈಬಿಟ್ಟುಹೋದುದು ನ್ಯೂಯಾರ್ಕ್ ಮಳಿಗೆ. ಅದನ್ನು ಕ್ಲಾಡ್ 1962ರಲ್ಲಿ ಹೊರಗಿನವರಿಗೆ ಮಾರಿದನು. 1964ರಲ್ಲಿ ಪಿಯೇರ್ ನಿಧನನಾದನು. ಆ ದಶಕದ ನಡುವಿನಲ್ಲಿಯೇ ಪ್ಯಾರಿಸ್ ಮಳಿಗೆಯೂ ಮನೆತನದಿಂದ ಹೊರಗೆ ಹೋಯಿತು. ಹೀಗೆ ಸಂಬಂಧವೇ ಇಲ್ಲದ ಮೂವರು ಒಡೆಯರ ಬಾಗಿಲಿನ ಮೇಲೆ ಒಂದೇ ಹೆಸರಿನ ಫಲಕವು ತೂಗುವಂತಾಯಿತು. ಒಬ್ಬನು ಕೆಡಿಸಿದರೆ ಮೂವರಿಗೂ ಕೆಡುವ ಸ್ಥಿತಿಯದು. ಕೊನೆಯವರೆಗೂ ಹಿಡಿದು ನಿಂತವನು ಲಂಡನ್ನಿನ ಜಾನ್-ಜಾಕ್. 1974ರಲ್ಲಿ ಅವನೂ ಮಾರಿದನು. ಅಲ್ಲಿಗೆ 127 ವರ್ಷಗಳ ಮನೆತನದ ಒಡೆತನವು ಮುಕ್ತಾಯಗೊಂಡಿತು.

ವಿಶೇಷವೆಂದರೆ, ಆ ಹೆಸರಿನ ಬೆಲೆಯನ್ನು ಅರಿತವನು ಹೊರಗಿನವನು. ಲೈಟರ್ ತಯಾರಕನಾದ ರೋಬೇರ್ ಓಕ್‌ನ ಮುಂದಾಳುತನದ ಗುಂಪು 1972ರಲ್ಲಿ ಪ್ಯಾರಿಸ್ ಮಳಿಗೆಯನ್ನೂ, 1974ರಲ್ಲಿ ಲಂಡನ್ ಮಳಿಗೆಯನ್ನೂ, 1976ರಲ್ಲಿ ನ್ಯೂಯಾರ್ಕ್ ಮಳಿಗೆಯನ್ನೂ ಕೊಂಡಿತು. 1979ರಲ್ಲಿ ಮೂರನ್ನೂ ಒಂದೇ ಸಂಸ್ಥೆಯಾಗಿ ಸೇರಿಸಲಾಯಿತು. ಮನೆಯವರು ಬೇರ್ಪಡಿಸಿಕೊಂಡುದನ್ನು ಪರರು ಒಂದುಗೂಡಿಸಿದರು. ಇಂದು ಅದು ಸ್ವಿಟ್ಜರ್ಲೆಂಡಿನ ರಿಶ್‌ಮಾಂ ಸಮೂಹಕ್ಕೆ ಸೇರಿದೆ. ಹೆಸರು ಕಾರ್ಟಿಯರ್‌ನದೇ, ಒಡೆತನದಲ್ಲಿ ಆ ಮನೆತನಕ್ಕೆ ಪಾಲಿಲ್ಲ.

ಜಾನ್-ಜಾಕ್‌ನ ತೊಂಬತ್ತನೆಯ ಹುಟ್ಟುಹಬ್ಬದ ದಿನ, 2009ರಲ್ಲಿ, ಅವನ ಮೊಮ್ಮಗಳು ಫ್ರಾನ್ಸೆಸ್ಕಾ ಕಾರ್ಟಿಯರ್ ಬ್ರಿಕೆಲ್ ಅವರಿಗೆ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಪೆಟ್ಟಿಗೆಯೊಂದು ಸಿಕ್ಕಿತು. ಅದರ ತುಂಬ ಇದ್ದುದು ಹಿಂದಿನ ತಲೆಮಾರುಗಳ ಪತ್ರಗಳು. ಅವನ್ನು ಓದಿ, ಅಜ್ಜನ ಮಾತುಗಳನ್ನು ಕೇಳಿ ಬರೆದುಕೊಂಡು, ಅವರು 2019ರಲ್ಲಿ ಮನೆತನದ ಚರಿತ್ರೆಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಆ ವೇಳೆಗೆ ಅಜ್ಜನು ಬದುಕಿರಲಿಲ್ಲ; 2010ರಲ್ಲಿಯೇ ತೀರಿಕೊಂಡಿದ್ದನು.

ಅಂಗಡಿಯನ್ನು ಪಾಲು ಮಾಡಬಹುದು, ಸರಕನ್ನು ತೂಗಿ ಹಂಚಬಹುದು, ಕಟ್ಟಡಕ್ಕೆ ಬೆಲೆ ಕಟ್ಟಬಹುದು. ಹೆಸರನ್ನು ಪಾಲು ಮಾಡುವ ತಕ್ಕಡಿಯು ಯಾವ ಪೇಟೆಯಲ್ಲಿಯೂ ಇಲ್ಲ. ಸೋದರರು ಮೂರು ದಿಕ್ಕಿನಲ್ಲಿದ್ದುದರಿಂದ ಕಾರ್ಟಿಯರ್ ಮನೆತನವು ಒಡೆಯಲಿಲ್ಲ. ದೂರವಿದ್ದಾಗಲೇ ಅದು ಬೆಳೆದುದು. ಒಬ್ಬರಿಗೊಬ್ಬರು ಬರೆಯುವುದು, ಕೇಳುವುದು, ಲೆಕ್ಕವನ್ನು ತೋರಿಸುವುದು ನಿಂತಾಗ ಅದು ಒಡೆಯಿತು. ಮಕ್ಕಳಿಗೆ ವ್ಯಾಪಾರವನ್ನು ಬಿಟ್ಟುಹೋಗುವ ಹಿರಿಯರು ಆಸ್ತಿಯ ಪತ್ರದೊಡನೆ ಈ ಒಡನಾಟದ ಅಭ್ಯಾಸವನ್ನೂ ಅವರಿಗೆ ಒಪ್ಪಿಸಬೇಕಾಗಿದೆ. ಅದೂ ಹಿರಿಯರು ಕಣ್ಣೆದುರಿಗೆ ಇರುವಾಗಲೇ.